ಇನ್ನೂರು ಅಶ್ವಶಕ್ತಿಯ ಗೆರೆಯಾಚೆ: ಮಿತ್ಸುಬಿಷಿ ಎಂಯು-2 ಟರ್ಬೊಪ್ರಾಪ್ ವಿಮಾನದ ಪ್ರಕರಣ ಅಧ್ಯಯನ

2005ರ ಜುಲೈ ತಿಂಗಳಲ್ಲಿ ಅಮೆರಿಕದ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಎಫ್‌ಎಎ, ತಯಾರಿಕೆ ನಿಂತು ಸುಮಾರು ಎರಡು ದಶಕಗಳಾಗಿದ್ದ ಒಂದು ವಿಮಾನದ ಸುರಕ್ಷತೆಯನ್ನು ಮತ್ತೊಮ್ಮೆ ಪರಿಶೀಲಿಸಲು ಆರಂಭಿಸಿತು. ಅದು ಜಪಾನಿನ ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್ ರೂಪಿಸಿದ ಎಂಯು-2 ಎಂಬ ಎರಡು ಎಂಜಿನ್‌ಗಳ ಟರ್ಬೊಪ್ರಾಪ್, ಅಂದರೆ ಟರ್ಬೈನ್ ಎಂಜಿನ್ ಪ್ರೊಪೆಲ್ಲರನ್ನು ತಿರುಗಿಸುವ ವಿಮಾನ. ಅದಕ್ಕೂ ಹಿಂದಿನ ಕೆಲವೇ ತಿಂಗಳುಗಳಲ್ಲಿ ಈ ಮಾದರಿಯ ಹಲವು ವಿಮಾನಗಳು ಬಿದ್ದು ಜನ ಸತ್ತಿದ್ದರು. ವಿಮಾನದಲ್ಲೇ ದೋಷವಿದೆ ಎನ್ನುವವರಿದ್ದರು, ಹಾರಿಸುವವರಲ್ಲಿ ದೋಷವಿದೆ ಎನ್ನುವವರೂ ಇದ್ದರು. ಪರಿಶೀಲನೆ ಮುಗಿದಾಗ ಹೊರಬಂದ ಉತ್ತರ ಈ ಎರಡೂ ವಾದಗಳಿಗೆ ಪೂರ್ತಿ ಒಪ್ಪುವಂಥದ್ದಾಗಿರಲಿಲ್ಲ. ವಿಮಾನವು ಪೈಲಟ್‌ನಿಂದ ಏನನ್ನು ಬೇಡುತ್ತದೆ ಎಂಬುದಕ್ಕೂ, ಅದನ್ನು ಹಾರಿಸುವ ಮುನ್ನ ಪೈಲಟ್‌ಗೆ ಏನೇನು ಗೊತ್ತಿರಬೇಕೆಂದು ಕಾನೂನು ಕೇಳುತ್ತಿತ್ತು ಎಂಬುದಕ್ಕೂ ನಡುವೆ ದೊಡ್ಡ ಅಂತರವಿತ್ತು. ಹೈ-ಪರ್ಫಾರ್ಮೆನ್ಸ್ ಟರ್ಬೊಪ್ರಾಪ್ ಎಂದು ಯಾವುದನ್ನು ಪರಿಗಣಿಸಬೇಕು ಎಂಬ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಾನೂನಿನ ಅಳತೆಗೋಲು

ಅಮೆರಿಕದ ನಿಯಮಾವಳಿಯಲ್ಲಿ ಹೈ-ಪರ್ಫಾರ್ಮೆನ್ಸ್ ವಿಮಾನದ ವ್ಯಾಖ್ಯೆ ಒಂದೇ ಸಾಲಿನದು: 200ಕ್ಕಿಂತ ಹೆಚ್ಚು ಅಶ್ವಶಕ್ತಿಯ ಎಂಜಿನ್ ಇರುವ ವಿಮಾನ. ಇಲ್ಲಿ ಲೆಕ್ಕಕ್ಕೆ ಬರುವುದು ಒಂದೊಂದು ಎಂಜಿನ್ನಿನ ಶಕ್ತಿಯೇ ಹೊರತು ಒಟ್ಟು ಶಕ್ತಿಯಲ್ಲ. ಆದ್ದರಿಂದ ತಲಾ 180 ಅಶ್ವಶಕ್ತಿಯ ಎರಡು ಎಂಜಿನ್‌ಗಳಿರುವ ವಿಮಾನ ಈ ವರ್ಗಕ್ಕೆ ಸೇರುವುದಿಲ್ಲ. 1997ರ ಆಗಸ್ಟ್‌ವರೆಗೆ ಈ ವ್ಯಾಖ್ಯೆಯೊಳಗೆ ಮಡಚಿಕೊಳ್ಳುವ ಚಕ್ರಗಳು, ಫ್ಲಾಪ್‌ಗಳು ಮತ್ತು ಕೋನ ಬದಲಿಸಬಹುದಾದ ಪ್ರೊಪೆಲ್ಲರ್ ಉಳ್ಳ ವಿಮಾನಗಳೂ ಸೇರಿದ್ದವು. ಆ ನಂತರ ಅವುಗಳನ್ನು ಕಾಂಪ್ಲೆಕ್ಸ್ ಎಂಬ ಬೇರೆ ವರ್ಗಕ್ಕೆ ತರಲಾಯಿತು. ಎರಡೂ ವರ್ಗಗಳಿಗೆ ಬೇಕಾಗುವುದು ತರಬೇತುದಾರರು ಲಾಗ್‌ಬುಕ್‌ನಲ್ಲಿ ಬರೆದುಕೊಡುವ ಎಂಡಾರ್ಸ್‌ಮೆಂಟ್ ಮಾತ್ರ. ಅದನ್ನು ಒಮ್ಮೆ ಪಡೆದರೆ ಮುಗಿಯಿತು, ನವೀಕರಿಸುವ ಅಗತ್ಯವಿಲ್ಲ.

ಇದಕ್ಕಿಂತ ಕಠಿಣವಾದದ್ದು ಟೈಪ್ ರೇಟಿಂಗ್. ನಿರ್ದಿಷ್ಟ ಮಾದರಿಯ ಮೇಲೆಯೇ ಪರೀಕ್ಷೆ ಕೊಟ್ಟು, ಆ ಮಾದರಿಯ ಹೆಸರನ್ನು ಲೈಸೆನ್ಸ್‌ನಲ್ಲಿ ಬರೆಸಿಕೊಳ್ಳುವ ವ್ಯವಸ್ಥೆ ಅದು. ಅಮೆರಿಕದಲ್ಲಿ ಗರಿಷ್ಠ ಟೇಕ್‌ಆಫ್ ತೂಕ 12,500 ಪೌಂಡ್, ಅಂದರೆ ಸುಮಾರು 5,670 ಕೆಜಿ ಮೀರಿದರೆ, ವಿಮಾನವು ಜೆಟ್ ಆಗಿದ್ದರೆ, ಅಥವಾ ಎಫ್‌ಎಎ ಪ್ರತ್ಯೇಕವಾಗಿ ಹೇಳಿದರೆ ಮಾತ್ರ ಅದು ಬೇಕು. ಈ ತೂಕದ ಗೆರೆ ಎಷ್ಟು ಯಾಂತ್ರಿಕವಾದದ್ದು ಎಂಬುದಕ್ಕೆ ಬೀಚ್‌ಕ್ರಾಫ್ಟ್ ಕಿಂಗ್ ಏರ್ ಸರಣಿಯೇ ಸಾಕ್ಷಿ. ಕಿಂಗ್ ಏರ್ 200 ವಿಮಾನದ ಗರಿಷ್ಠ ತೂಕ ಸರಿಯಾಗಿ 12,500 ಪೌಂಡ್, ಅದಕ್ಕೆ ಟೈಪ್ ರೇಟಿಂಗ್ ಬೇಡ. ಅದೇ ವಂಶದ ಕಿಂಗ್ ಏರ್ 300ರದು 14,000 ಪೌಂಡ್, ಅದಕ್ಕೆ ಬೇಕು. ಇವೆರಡನ್ನೂ ಹಾರಿಸಲು ಬೇಕಾದ ಕೌಶಲದ ನಡುವೆ ಈ ಗೆರೆ ಸೂಚಿಸುವಷ್ಟು ಅಂತರವಿಲ್ಲ.

ಎಂಯು-2 ವಿಮಾನದ ಉದ್ದ ಒಡಲಿನ ಆವೃತ್ತಿಯಾದ ಮಾರ್ಕೀಸ್‌ನ ಗರಿಷ್ಠ ಟೇಕ್‌ಆಫ್ ತೂಕ 11,575 ಪೌಂಡ್. ಗಿಡ್ಡ ಒಡಲಿನ ಸಾಲಿಟೇರ್‌ನದು 10,470 ಪೌಂಡ್. ಎರಡೂ ಗೆರೆಯೊಳಗೇ ಉಳಿದವು. ಪರಿಣಾಮವಾಗಿ, ಬಹು ಎಂಜಿನ್ ವಿಮಾನಗಳ ಸಾಮಾನ್ಯ ರೇಟಿಂಗ್ ಜೊತೆಗೆ ಹಿಂದೆಂದೋ ಪಡೆದ ಎಂಡಾರ್ಸ್‌ಮೆಂಟ್‌ಗಳಿರುವ ಪೈಲಟ್ ಒಬ್ಬರು ಖಾಸಗಿ ಹಾರಾಟಕ್ಕಾಗಿ ಎಂಯು-2 ಕೊಂಡು, ಆ ಮಾದರಿಯ ಮೇಲೆ ಯಾವುದೇ ಕಡ್ಡಾಯ ತರಬೇತಿಯಿಲ್ಲದೆ ಹಾರಿಸಬಹುದಿತ್ತು. 230 ಅಶ್ವಶಕ್ತಿಯ ಒಂದೇ ಎಂಜಿನ್ನಿನ ಸೆಸ್ನಾ 182ಕ್ಕೂ, ತಲಾ 715 ಅಶ್ವಶಕ್ತಿಯ ಎರಡು ಟರ್ಬೈನ್‌ಗಳಿರುವ ಮಾರ್ಕೀಸ್‌ಗೂ ಹೈ-ಪರ್ಫಾರ್ಮೆನ್ಸ್ ಎಂಡಾರ್ಸ್‌ಮೆಂಟ್ ಒಂದೇ ಆಗಿತ್ತು.

ರೆಕ್ಕೆಯ ಲೆಕ್ಕ

ಈ ಹೋಲಿಕೆಯನ್ನು ಇನ್ನೂ ಸ್ವಲ್ಪ ಮುಂದುವರಿಸುವುದು ಉಪಯುಕ್ತ. ಸೆಸ್ನಾ 182ರ ರೆಕ್ಕೆಯ ವಿಸ್ತೀರ್ಣ 174 ಚದರ ಅಡಿ, ಎಂಯು-2ರದು 178 ಚದರ ಅಡಿ. ನಾಲ್ಕು ಆಸನಗಳ ಸಣ್ಣ ವಿಮಾನದಲ್ಲಿ ಇರುವಷ್ಟೇ ರೆಕ್ಕೆಯ ಮೇಲೆ ಮಿತ್ಸುಬಿಷಿಯ ಎಂಜಿನಿಯರ್‌ಗಳು ಮೂರೂವರೆ ಪಟ್ಟಿಗೂ ಮೀರಿದ ಭಾರವನ್ನು ಹೊರಿಸಿದರು. ಮಾರ್ಕೀಸ್‌ನಲ್ಲಿ ಪ್ರತಿ ಚದರ ಅಡಿ ರೆಕ್ಕೆಯ ಮೇಲೆ ಬೀಳುವ ಹೊರೆ ಸುಮಾರು 65 ಪೌಂಡ್. ಕಿಂಗ್ ಏರ್ ಸಿ90ರಲ್ಲಿ ಅದು ಸುಮಾರು 33.

ಇದು ಅಜಾಗರೂಕತೆಯ ಫಲವಲ್ಲ, ಬೇಕೆಂದೇ ಮಾಡಿದ ಆಯ್ಕೆ. 1963ರ ಸೆಪ್ಟೆಂಬರ್ 14ರಂದು ಮೊದಲ ಬಾರಿಗೆ ಹಾರಿದ ಎಂಯು-2 ಎರಡು ವಿರುದ್ಧ ಗುಣಗಳನ್ನು ಒಟ್ಟಿಗೆ ಸಾಧಿಸಬೇಕಿತ್ತು: ಎತ್ತರದಲ್ಲಿ ಅತಿ ವೇಗ ಮತ್ತು ಚಿಕ್ಕ ರನ್‌ವೇಯಲ್ಲಿ ಇಳಿಯುವ ಶಕ್ತಿ. ವೇಗಕ್ಕಾಗಿ ರೆಕ್ಕೆ ಚಿಕ್ಕದಾಗಿರಬೇಕು, ನಿಧಾನವಾಗಿ ಇಳಿಯಲು ರೆಕ್ಕೆ ದೊಡ್ಡದಾಗಿರಬೇಕು. ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ರೆಕ್ಕೆಯ ಹಿಂಬದಿಯ ಉದ್ದಕ್ಕೂ ಹೊರಚಾಚುವ ಫ್ಲಾಪ್‌ಗಳು. ಅವು ಹೊರಬಂದಾಗ ಚಿಕ್ಕ ರೆಕ್ಕೆ ದೊಡ್ಡ ರೆಕ್ಕೆಯಾಗುತ್ತದೆ, ಒಳಹೋದಾಗ ವಿಮಾನ 300 ನಾಟ್ (ಗಂಟೆಗೆ ಸುಮಾರು 555 ಕಿಮೀ) ಆಸುಪಾಸಿನ ವೇಗದಲ್ಲಿ ಸಾಗುತ್ತದೆ. ಅದೇ ಕಾಲದ, ಅದೇ ಬೆಲೆಯ ಬೇರೆ ಟರ್ಬೊಪ್ರಾಪ್‌ಗಳು ಈ ವೇಗವನ್ನು ಮುಟ್ಟಲು ಹೆಣಗುತ್ತಿದ್ದವು. ವಿನ್ಯಾಸವಾಗಿ ಇದು ಅತ್ಯಂತ ಬುದ್ಧಿವಂತಿಕೆಯ ಕೆಲಸ. ಎಂಯು-2ರ ಬಗ್ಗೆ ಬರೆಯುವವರು ಇದನ್ನು ಹೇಳದೆ ಅಪಘಾತಗಳನ್ನಷ್ಟೇ ಹೇಳಿದರೆ ಅನ್ಯಾಯವಾಗುತ್ತದೆ.

ಆದರೆ ಹಿಂಬದಿಯನ್ನೆಲ್ಲ ಫ್ಲಾಪ್‌ಗಳೇ ಆಕ್ರಮಿಸಿದ್ದರಿಂದ, ವಿಮಾನವನ್ನು ಎಡಕ್ಕೂ ಬಲಕ್ಕೂ ವಾಲಿಸುವ ಏಲೆರಾನ್‌ಗಳಿಗೆ ಅಲ್ಲಿ ಜಾಗವೇ ಉಳಿಯಲಿಲ್ಲ. ಅವುಗಳ ಬದಲು ರೆಕ್ಕೆಯ ಮೇಲ್ಮೈಯಿಂದ ಎದ್ದುನಿಲ್ಲುವ ಸ್ಪಾಯ್ಲರ್‌ಗಳನ್ನು ಬಳಸಲಾಯಿತು. ಏಲೆರಾನ್ ಒಂದು ರೆಕ್ಕೆಯ ಎತ್ತುವ ಬಲವನ್ನು ಹೆಚ್ಚಿಸಿ ಇನ್ನೊಂದರದನ್ನು ತಗ್ಗಿಸುತ್ತದೆ. ಸ್ಪಾಯ್ಲರ್‌ಗೆ ಹೆಚ್ಚಿಸುವ ಶಕ್ತಿಯಿಲ್ಲ. ತಾನು ಎದ್ದುನಿಂತ ರೆಕ್ಕೆಯ ಬಲವನ್ನು ಕೆಡಿಸುವುದಷ್ಟೇ ಅದರ ಕೆಲಸ. ಸಾಮಾನ್ಯ ಹಾರಾಟದಲ್ಲಿ ಪೈಲಟ್‌ಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಬೇರೆ ಸಂದರ್ಭದಲ್ಲಿ.

ಒಂದು ಎಂಜಿನ್ ನಿಂತಾಗ

ಟೇಕ್‌ಆಫ್ ಆಗಿ ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಎಡ ಎಂಜಿನ್ ನಿಂತಿತು ಎಂದಿಟ್ಟುಕೊಳ್ಳೋಣ. ಯಾವುದೇ ಎರಡು ಎಂಜಿನ್‌ಗಳ ವಿಮಾನದಲ್ಲಿ ಕಲಿತ ಪೈಲಟ್ ಮಾಡುವ ಕೆಲಸಗಳು ಇವು: ಬಾಲದಲ್ಲಿದ್ದು ದಿಕ್ಕು ತಿರುಗಿಸುವ ರಡರ್‌ನ ಪೆಡಲನ್ನು ಬಲಗಾಲಿನಿಂದ ಒತ್ತಿ, ಕೈಯ ನೊಗವನ್ನು (ಸ್ಟಿಯರಿಂಗ್‌ನಂಥ ಹಿಡಿಕೆ) ಬಲಕ್ಕೆ ತಿರುಗಿಸಿ ವಿಮಾನವನ್ನು ನೆಟ್ಟಗೆ ನಿಲ್ಲಿಸುವುದು, ಗಾಳಿಯ ಎಳೆತ ತಗ್ಗಿಸಲು ಚಕ್ರಗಳನ್ನೂ ಫ್ಲಾಪ್‌ಗಳನ್ನೂ ಒಳಗೆಳೆಯುವುದು, ನಿಂತ ಎಂಜಿನ್ನಿನ ಪ್ರೊಪೆಲ್ಲರನ್ನು ಗಾಳಿಗೆ ಅಡ್ಡವಾಗದಂತೆ ತಿರುಗಿಸುವುದು, ಅಂದರೆ ಫೆದರ್ ಮಾಡುವುದು. ಸಾವಿರಾರು ಪೈಲಟ್‌ಗಳ ಕೈಕಾಲುಗಳಲ್ಲಿ ಈ ಕ್ರಮ ಕೂತಿದೆ, ಬಹುಪಾಲು ವಿಮಾನಗಳಲ್ಲಿ ಅದು ಸರಿಯಾದದ್ದೇ.

ಎಂಯು-2ರಲ್ಲಿ ಇದೇ ಕ್ರಮ ಪೈಲಟ್‌ನ ವಿರುದ್ಧ ತಿರುಗಬಹುದು. ನೊಗವನ್ನು ಬಲಕ್ಕೆ ಹಿಡಿದು ನಿಂತರೆ ಬಲ ರೆಕ್ಕೆಯ ಸ್ಪಾಯ್ಲರ್ ಎದ್ದೇ ಇರುತ್ತದೆ. ಅಂದರೆ, ಕೆಲಸ ಮಾಡುತ್ತಿರುವ ಒಂದೇ ಎಂಜಿನ್ನಿನ ಬದಿಯ ರೆಕ್ಕೆಯ ಬಲವನ್ನು ಪೈಲಟ್ ತಾನೇ ಕೆಡಿಸುತ್ತ, ಜೊತೆಗೆ ಎಳೆತವನ್ನೂ ಹೆಚ್ಚಿಸುತ್ತ ಹೋಗುತ್ತಾನೆ. ಆ ಹೊತ್ತಿನಲ್ಲಿ ವಿಮಾನದ ಬಳಿ ಕೊಡಲು ಹೆಚ್ಚೇನೂ ಉಳಿದಿರುವುದಿಲ್ಲ. ಸರಿಯಾದ ವಿಧಾನವೆಂದರೆ ರಡರ್‌ನಿಂದ ದಿಕ್ಕನ್ನು ಹಿಡಿದು, ಫ್ಲಾಪ್‌ಗಳ ಅಂಚಿನಲ್ಲಿರುವ ವಿದ್ಯುಚ್ಚಾಲಿತ ಟ್ರಿಮ್ ಏಲೆರಾನ್‌ಗಳನ್ನು ಬಳಸಿ, ನೊಗ ಮಧ್ಯಕ್ಕೆ ಬರುವಂತೆ ಮಾಡುವುದು. ಆಗ ಸ್ಪಾಯ್ಲರ್ ಮಡಚಿಕೊಳ್ಳುತ್ತದೆ, ರೆಕ್ಕೆ ಮತ್ತೆ ದುಡಿಯುತ್ತದೆ. ಬೇರೆ ವಿಮಾನಗಳಲ್ಲಿ ಟ್ರಿಮ್ ಎಂಬುದು ನಿಯಂತ್ರಣ ಸಿಕ್ಕ ಮೇಲೆ, ಕೈಗೆ ಆಯಾಸವಾಗದಿರಲೆಂದು ಮಾಡುವ ಕೆಲಸ. ಇಲ್ಲಿ ಅದು ನಿಯಂತ್ರಣದ ಭಾಗವೇ ಆಗಿದೆ.

ಫ್ಲಾಪ್‌ಗಳ ವಿಷಯವೂ ಹೀಗೆಯೇ. ಫ್ಲಾಪ್‌ಗಳಿಲ್ಲದೆ ಪೂರ್ತಿ ತೂಕದಲ್ಲಿ ಈ ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲವನ್ನು ಕಳೆದುಕೊಳ್ಳುವ ವೇಗ ಸುಮಾರು 100 ನಾಟ್ ಆಸುಪಾಸಿನಲ್ಲಿದೆ. ಬೇಕಾದ ವೇಗ ಬರುವ ಮೊದಲೇ ಎಳೆತ ತಗ್ಗಿಸುವ ಆತುರದಲ್ಲಿ ಫ್ಲಾಪ್‌ಗಳನ್ನು ಒಳಗೆಳೆದರೆ, ಅವು ಒಳಹೋಗುತ್ತಿದ್ದಂತೆ ರೆಕ್ಕೆ ಚಿಕ್ಕದಾಗುತ್ತದೆ, ಸ್ಟಾಲ್ ವೇಗ ಮೇಲೇರಿ ವಿಮಾನದ ವೇಗವನ್ನು ಸಂಧಿಸುತ್ತದೆ.

ಮೂರನೆಯದು ಎಂಜಿನ್. ಎಂಯು-2ರಲ್ಲಿರುವುದು ಗ್ಯಾರೆಟ್ ಕಂಪನಿಯ, ಈಗ ಹನಿವೆಲ್ ಹೆಸರಿನಲ್ಲಿರುವ ಟಿಪಿಇ331. ಕನ್ನಡ ನಾಡಿನ ವಿಮಾನೋದ್ಯಮಕ್ಕೆ ಈ ಎಂಜಿನ್ ಪರಿಚಿತವೇ: ಬೆಂಗಳೂರಿನಲ್ಲಿ 2016ರ ಮೇ 31ರಂದು ಮೊದಲ ಬಾರಿಗೆ ಹಾರಿದ ಎಚ್‌ಎಎಲ್‌ನ ಎಚ್‌ಟಿಟಿ-40 ತರಬೇತಿ ವಿಮಾನದಲ್ಲಿಯೂ, ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುವ ಡಾರ್ನಿಯರ್ 228ರಲ್ಲಿಯೂ ಇದೇ ಕುಟುಂಬದ ಎಂಜಿನ್‌ಗಳಿವೆ. ಕಿಂಗ್ ಏರ್ ಸರಣಿಯ ಹೆಚ್ಚಿನ ವಿಮಾನಗಳಲ್ಲಿರುವ ಪ್ರ್ಯಾಟ್ ಅಂಡ್ ವಿಟ್ನಿಯ ಪಿಟಿ6 ಎಂಜಿನ್ನಿನಲ್ಲಿ ಪ್ರೊಪೆಲ್ಲರನ್ನು ತಿರುಗಿಸುವ ಟರ್ಬೈನ್ ಬೇರೆ, ಕಂಪ್ರೆಸರನ್ನು ತಿರುಗಿಸುವ ಟರ್ಬೈನ್ ಬೇರೆ. ಎರಡರ ನಡುವೆ ಯಾಂತ್ರಿಕ ಕೊಂಡಿಯಿಲ್ಲ. ಟಿಪಿಇ331ರಲ್ಲಿ ಪ್ರೊಪೆಲ್ಲರ್, ಕಂಪ್ರೆಸರ್, ಟರ್ಬೈನ್ ಮೂರೂ ಗಿಯರ್‌ಗಳ ಮೂಲಕ ಒಂದೇ ದಂಡಕ್ಕೆ ಬಿಗಿದಿವೆ. ಇದರ ಲಾಭವೆಂದರೆ, ಲಿವರ್ ಮುಂದೆ ತಳ್ಳಿದ ಕೂಡಲೇ ಶಕ್ತಿ ಬರುತ್ತದೆ. ನಷ್ಟವೆಂದರೆ, ಎಂಜಿನ್ ನಿಂತಾಗ ಎದುರು ಗಾಳಿ ಪ್ರೊಪೆಲ್ಲರಿನ ಮೂಲಕ ಇಡೀ ಎಂಜಿನ್ನನ್ನೇ ತಿರುಗಿಸಬೇಕಾಗುತ್ತದೆ. ಆಗ ಉಂಟಾಗುವ ಎಳೆತ ಅಪಾರ. ಅದನ್ನು ತಡೆಯಲು ನೆಗೆಟಿವ್ ಟಾರ್ಕ್ ಸೆನ್ಸಿಂಗ್ ಎಂಬ ವ್ಯವಸ್ಥೆಯಿದ್ದು, ಗಾಳಿಯೇ ಎಂಜಿನ್ನನ್ನು ತಿರುಗಿಸತೊಡಗಿದಾಗ ಅದು ಪ್ರೊಪೆಲ್ಲರಿನ ಅಲಗುಗಳನ್ನು ಫೆದರ್ ಕಡೆಗೆ ತಳ್ಳುತ್ತದೆ. ಆದರೆ ಅದು ಪೂರ್ತಿ ಫೆದರ್ ಮಾಡುವುದಿಲ್ಲ. ಆ ಕೆಲಸವನ್ನು ಪೈಲಟ್ ಕಂಡಿಷನ್ ಲಿವರನ್ನು ಹಿಂದಕ್ಕೆಳೆದು ತಾನೇ ಮುಗಿಸಬೇಕು. ಯಂತ್ರವೇ ಎಲ್ಲವನ್ನೂ ಮಾಡಿತು ಎಂದುಕೊಂಡು ಸುಮ್ಮನಾದರೆ, ಅರ್ಧ ತಿರುಗಿದ ಪ್ರೊಪೆಲ್ಲರ್ ವಿಮಾನವನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ.

ಈ ಮೂರರಲ್ಲಿ ಯಾವುದೂ ಮನುಷ್ಯ ಮಾತ್ರರಿಗೆ ಅಸಾಧ್ಯವಾದ ಕೆಲಸವಲ್ಲ. ಗೊತ್ತಿದ್ದವರಿಗೆ, ಅಭ್ಯಾಸ ತಪ್ಪದವರಿಗೆ ಎಂಯು-2 ವಿಧೇಯ ವಿಮಾನ. ವರ್ಷಗಟ್ಟಲೆ ಅದನ್ನೇ ಹಾರಿಸಿದವರು ಅದರ ಗಟ್ಟಿತನವನ್ನು ಮೆಚ್ಚಿ ಮಾತಾಡುತ್ತಾರೆ. ಸಮಸ್ಯೆಯೆಂದರೆ, ಬೇರೆ ವಿಮಾನಗಳಲ್ಲಿ ಗಳಿಸಿದ ಒಳ್ಳೆಯ ಅಭ್ಯಾಸ ಇಲ್ಲಿ ಆಪತ್ತಿಗೆ ದಾರಿಮಾಡುತ್ತದೆ. ಅನುಭವಿ ಪೈಲಟ್‌ಗಳೂ ಇದರಲ್ಲಿ ಸಿಕ್ಕಿಬಿದ್ದದ್ದು ಹೀಗೆ. ಅಶ್ವಶಕ್ತಿಯ ಅಂಕಿಯಲ್ಲಾಗಲಿ, ಪೌಂಡಿನ ಅಂಕಿಯಲ್ಲಾಗಲಿ ಇದು ಕಾಣಿಸುವುದಿಲ್ಲ.

ವಿಮಾನ ಸೇರಿದ ಕೈಗಳು

ಎಂಯು-2ರ ಬಿಡಿಭಾಗಗಳು ಜಪಾನಿನಲ್ಲಿ ತಯಾರಾಗಿ, ಅಮೆರಿಕದ ಮಾರುಕಟ್ಟೆಗಾಗಿ ಟೆಕ್ಸಸ್‌ನ ಸ್ಯಾನ್ ಆಂಜೆಲೊದಲ್ಲಿ ಜೋಡಣೆಯಾಗುತ್ತಿದ್ದವು. 1980ರ ದಶಕದ ಮಧ್ಯದಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಏಳುನೂರಕ್ಕೂ ಹೆಚ್ಚು ವಿಮಾನಗಳು ಹೊರಬಂದಿದ್ದವು. ಮೊದಲಿಗೆ ಕಂಪನಿಗಳ ಮುಖ್ಯಸ್ಥರನ್ನು ಹೊತ್ತು ತಿರುಗುತ್ತಿದ್ದ ವಿಮಾನಗಳು ಹಳತಾದಂತೆ ಬೆಲೆ ಇಳಿಯಿತು. ಅದೇ ದುಡ್ಡಿಗೆ ಅಷ್ಟು ವೇಗದ ಮತ್ತೊಂದು ವಿಮಾನ ಸಿಗದ ಕಾರಣ ಸಣ್ಣ ಸರಕು ಸಾಗಣೆ ಸಂಸ್ಥೆಗಳೂ ಖಾಸಗಿ ಮಾಲೀಕರೂ ಅವನ್ನು ಕೊಂಡರು. ಹೀಗೆ ಅತಿ ಹೆಚ್ಚು ತರಬೇತಿ ಬೇಡುವ ವಿಮಾನವು ತರಬೇತಿಗೆ ಅತಿ ಕಡಿಮೆ ಹಣವಿದ್ದ ವಲಯಕ್ಕೆ ಇಳಿಯಿತು: ರಾತ್ರಿ ಹಾರಾಟ, ಕೆಟ್ಟ ಹವಾಮಾನ, ಒಬ್ಬನೇ ಪೈಲಟ್.

ಅನುಮಾನಗಳು ಹೊಸದಾಗಿರಲಿಲ್ಲ. ಅಪಘಾತ ತನಿಖಾ ಮಂಡಳಿಯಾದ ಎನ್‌ಟಿಎಸ್‌ಬಿಯ ಒತ್ತಾಯದ ಮೇಲೆ 1983-84ರಲ್ಲಿಯೇ ಎಫ್‌ಎಎ ಈ ವಿಮಾನದ ಪ್ರಮಾಣೀಕರಣವನ್ನು ವಿಶೇಷವಾಗಿ ಪರಿಶೀಲಿಸಿತ್ತು. 1990ರ ದಶಕದಲ್ಲಿ ರೆಕ್ಕೆಯ ಮೇಲೆ ಹಿಮಗಟ್ಟುವ ಸನ್ನಿವೇಶಗಳ ಕುರಿತು ಮತ್ತೆ ಪರಿಶೀಲನೆ ನಡೆಯಿತು. ಹಿಮ ಕಟ್ಟಿ ವೇಗ ಕುಸಿಯುತ್ತಿರುವುದನ್ನು ಆಟೊಪೈಲಟ್ ಮರೆಮಾಚುತ್ತದೆ ಎಂಬುದು ಅಲ್ಲಿನ ಮುಖ್ಯ ಕಾಳಜಿಯಾಗಿತ್ತು. ಎಲ್ಲ ಅಪಘಾತಗಳನ್ನೂ ಪೈಲಟ್‌ನ ಲೆಕ್ಕಕ್ಕೆ ಬರೆಯುವುದು ತಪ್ಪು ಎಂಬುದನ್ನೂ ಇಲ್ಲಿ ಹೇಳಬೇಕು. 1993ರ ಏಪ್ರಿಲ್‌ನಲ್ಲಿ ದಕ್ಷಿಣ ಡಕೋಟಾದ ಗವರ್ನರ್ ಜಾರ್ಜ್ ಮಿಕೆಲ್ಸನ್ ಸೇರಿದಂತೆ ಎಂಟು ಜನ ಅಯೋವಾದಲ್ಲಿ ಎಂಯು-2 ಬಿದ್ದು ಸತ್ತದ್ದು ಪ್ರೊಪೆಲ್ಲರಿನ ಹಬ್, ಅಂದರೆ ಅಲಗುಗಳನ್ನು ಹಿಡಿದಿಡುವ ನಡುಭಾಗ, ಮುರಿದದ್ದರಿಂದ.

2004ರ ಡಿಸೆಂಬರ್ 10ರಂದು ಕೊಲರಾಡೊದ ಡೆನ್ವರ್ ಬಳಿಯ ಸೆಂಟೆನಿಯಲ್ ವಿಮಾನ ನಿಲ್ದಾಣದಿಂದ ಹೊರಟ ಸರಕು ಸಾಗಣೆಯ ಎಂಯು-2, ಎಂಜಿನ್ ತೊಂದರೆಯಿಂದ ಹಿಂತಿರುಗುತ್ತಿದ್ದಾಗ ವೇಗ ಕಳೆದುಕೊಂಡು ಬಿತ್ತು, ಇಬ್ಬರು ಸತ್ತರು. 2005ರ ಆಗಸ್ಟ್ 4ರಂದು, ಎಫ್‌ಎಎ ಪರಿಶೀಲನೆ ಆಗಲೇ ಶುರುವಾಗಿದ್ದಾಗ, ಅದೇ ನಿಲ್ದಾಣಕ್ಕೆ ರಾತ್ರಿ ಇಳಿಯಲು ಬರುತ್ತಿದ್ದ ಇನ್ನೊಂದು ಎಂಯು-2 ಇಳಿಯುವ ಪಥಕ್ಕಿಂತ ಕೆಳಗಿಳಿದು ನೆಲಕ್ಕಪ್ಪಳಿಸಿತು; ಪೈಲಟ್ ಸತ್ತರು. ಕೊಲರಾಡೊದ ಸಂಸದ ಟಾಮ್ ಟ್ಯಾಂಕ್ರೆಡೊ ಈ ವಿಮಾನಗಳ ಹಾರಾಟವನ್ನೇ ನಿಲ್ಲಿಸಬೇಕೆಂದು ಆಗ್ರಹಿಸಿದರು.

ನಿರ್ಧಾರ

ಎಫ್‌ಎಎ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು ಹಾರಾಟ ನಿಲ್ಲಿಸುವುದು. ಆದರೆ ಮೂಲ ಪ್ರಮಾಣೀಕರಣದ ಅಗತ್ಯಗಳನ್ನು ವಿಮಾನ ಪೂರೈಸುತ್ತದೆ ಎಂದೇ ಪರಿಶೀಲನೆ ಮತ್ತೊಮ್ಮೆ ಹೇಳಿತು. ದೋಷ ತೋರಿಸದೆ ನಿಷೇಧಿಸಲು ಆಧಾರವಿರಲಿಲ್ಲ. ಎರಡನೆಯದು, ಹೊರಗಿನವರಿಗೆ ಸಹಜವೆನಿಸುವ ದಾರಿ: ಟೈಪ್ ರೇಟಿಂಗ್ ಕಡ್ಡಾಯ ಮಾಡುವುದು. ಇಲ್ಲಿ ಅಮೆರಿಕದ ನಿಯಮಗಳಲ್ಲೇ ಒಂದು ಕೊರತೆಯಿತ್ತು. ಒಬ್ಬನೇ ಪೈಲಟ್ ಹಾರಿಸಬಹುದಾದ ಪ್ರೊಪೆಲ್ಲರ್ ವಿಮಾನಕ್ಕೆ ಟೈಪ್ ರೇಟಿಂಗ್ ಒಮ್ಮೆ ಪಡೆದರೆ, ಅದೇ ಮಾದರಿಯಲ್ಲಿ ಪ್ರತಿ ವರ್ಷ ಕೌಶಲ ತೋರಿಸಬೇಕೆಂಬ ಕಡ್ಡಾಯ ಖಾಸಗಿ ಹಾರಾಟಕ್ಕೆ ಅನ್ವಯಿಸುತ್ತಿರಲಿಲ್ಲ. ಹತ್ತು ವರ್ಷ ಹಿಂದೆ ಪರೀಕ್ಷೆ ಪಾಸಾದವರೂ ಕಾಗದದ ಮೇಲೆ ಅರ್ಹರೇ ಆಗಿರುತ್ತಿದ್ದರು. ಮೇಲೆ ವಿವರಿಸಿದ ಅಭ್ಯಾಸಗಳು ಹತ್ತು ವರ್ಷವಿರಲಿ, ಹಲವು ತಿಂಗಳು ಬಿಟ್ಟರೂ ಮಸುಕಾಗುವಂಥವು.

ಆಯ್ಕೆಯಾದದ್ದು ಮೂರನೆಯ ದಾರಿ: ಈ ಮಾದರಿಗಷ್ಟೇ ಅನ್ವಯಿಸುವ ವಿಶೇಷ ನಿಯಮ. ಇದಕ್ಕೆ ಪೂರ್ವನಿದರ್ಶನವಿತ್ತು. ರಾಬಿನ್ಸನ್ ಕಂಪನಿಯ ಆರ್22 ಮತ್ತು ಆರ್44 ಹೆಲಿಕಾಪ್ಟರ್‌ಗಳಿಗೆ 1995ರಲ್ಲಿಯೇ ಇಂಥ ವಿಶೇಷ ತರಬೇತಿ ನಿಯಮ ಬಂದಿತ್ತು. ಎಂಯು-2ರ ಕರಡು ನಿಯಮ 2006ರಲ್ಲಿ, ಅಂತಿಮ ನಿಯಮ 2008ರ ಫೆಬ್ರುವರಿ 6ರಂದು ಪ್ರಕಟವಾಯಿತು. ಎಸ್‌ಎಫ್‌ಎಆರ್ 108 ಎಂಬ ಹೆಸರಿನ ಈ ನಿಯಮವನ್ನು ಪೂರೈಸಲು 2009ರ ಫೆಬ್ರುವರಿವರೆಗೆ ಗಡುವು ಕೊಡಲಾಯಿತು.

ನಿಯಮದ ತಿರುಳು ಹೀಗಿದೆ. ಎಂಯು-2ಗೆ ಹೊಸದಾಗಿ ಬರುವ ಪೈಲಟ್ ಕನಿಷ್ಠ 20 ಗಂಟೆ ನೆಲದ ಪಾಠ ಮತ್ತು 12 ಗಂಟೆ ಹಾರಾಟದ ತರಬೇತಿ ಪಡೆಯಬೇಕು. ಆಮೇಲೆ ಪ್ರತಿ ವರ್ಷ 8 ಗಂಟೆ ಪಾಠ, 4 ಗಂಟೆ ಹಾರಾಟ. ಕಮಾಂಡ್ ವಹಿಸುವ ಪೈಲಟ್‌ಗೆ ಬಹು ಎಂಜಿನ್ ವಿಮಾನಗಳ ಕಮಾಂಡ್‌ನಲ್ಲಿ ಕನಿಷ್ಠ 100 ಗಂಟೆಗಳ ಅನುಭವವಿರಬೇಕು. ತರಬೇತುದಾರರಿಗೂ ಮಟ್ಟ ನಿಗದಿಯಾಯಿತು: ಕಮಾಂಡ್‌ನಲ್ಲಿ ಒಟ್ಟು 2,000 ಗಂಟೆ, ಅದರಲ್ಲಿ ಎಂಯು-2ರಲ್ಲೇ 300, ಅದರಲ್ಲೂ ಕಳೆದ ಹನ್ನೆರಡು ತಿಂಗಳಲ್ಲಿ 50. ಪ್ರಯಾಣಿಕರನ್ನು ಕರೆದೊಯ್ಯಲು ಬೇಕಾದ ಇತ್ತೀಚಿನ ಇಳಿಕೆಗಳ ಲೆಕ್ಕಕ್ಕೆ ಬೇರೆ ವಿಮಾನದಲ್ಲಿ ಮಾಡಿದ ಇಳಿಕೆ ಬರುವುದಿಲ್ಲ. ಒಬ್ಬನೇ ಪೈಲಟ್ ಹಾರಿಸುವಾಗ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಆಟೊಪೈಲಟ್ ಕೆಲಸ ಮಾಡುತ್ತಿರಲೇಬೇಕು.

ಇವೆಲ್ಲಕ್ಕಿಂತ ಮಹತ್ವದ್ದೆಂದು ನನಗೆ ಕಾಣುವುದು ಗಂಟೆಗಳ ಲೆಕ್ಕವಲ್ಲ, ಏಕರೂಪತೆ. ಆವರೆಗೆ ಎಂಯು-2 ಕಲಿಸುವವರು ಒಬ್ಬೊಬ್ಬರು ಒಂದೊಂದು ರೀತಿ ಕಲಿಸುತ್ತಿದ್ದರು. ಬೇರೆ ಟರ್ಬೊಪ್ರಾಪ್‌ಗಳ ವಿಧಾನವನ್ನೇ ಇಲ್ಲಿಗೂ ತರುವವರಿದ್ದರು. ಹೊಸ ನಿಯಮವು ಪ್ರತಿಯೊಂದು ಕಸರತ್ತನ್ನೂ ಯಾವ ವೇಗದಲ್ಲಿ, ಯಾವ ಫ್ಲಾಪ್ ಸ್ಥಿತಿಯಲ್ಲಿ, ಯಾವ ಕ್ರಮದಲ್ಲಿ ಮಾಡಬೇಕೆಂದು ಬರೆದಿಟ್ಟಿತು ಮತ್ತು ವಿಮಾನದಲ್ಲಿ ಅಂಗೀಕೃತ ಚೆಕ್‌ಲಿಸ್ಟ್ ಇರುವುದನ್ನು ಕಡ್ಡಾಯ ಮಾಡಿತು. 2016ರಲ್ಲಿ ಈ ವಿಶೇಷ ನಿಯಮವನ್ನು ಎಫ್‌ಎಎ ತನ್ನ ಸಾಮಾನ್ಯ ಹಾರಾಟ ನಿಯಮಗಳ ಖಾಯಂ ಭಾಗವನ್ನಾಗಿ ಮಾಡಿತು.

ನಿಯಮ ಬಂದ ಮೇಲೆ

ಅಪಘಾತಗಳು ಗಮನಾರ್ಹವಾಗಿ ಇಳಿದವು. ಹಾರುತ್ತಿದ್ದ ವಿಮಾನಗಳೂ ಅಷ್ಟರಲ್ಲಿ ಕಡಿಮೆಯಾಗಿದ್ದವು ಎಂಬುದನ್ನು ಮರೆಯದೆ ನೋಡಿದರೂ ಈ ಇಳಿಕೆಗೆ ತರಬೇತಿಯೇ ಮುಖ್ಯ ಕಾರಣವೆನ್ನಲು ಹಿಂಜರಿಯಬೇಕಿಲ್ಲ, ಏಕೆಂದರೆ ವಿಮಾನದಲ್ಲಿ ಏನೂ ಬದಲಾಗಿರಲಿಲ್ಲ: ಅದೇ ರೆಕ್ಕೆ, ಅದೇ ಸ್ಪಾಯ್ಲರ್, ಅದೇ ಎಂಜಿನ್. ಆದರೂ ಪೂರ್ತಿ ನಿಲ್ಲಲಿಲ್ಲ. 2010ರ ಜನವರಿಯಲ್ಲಿ ಒಹಾಯೊದ ಎಲಿರಿಯಾದಲ್ಲಿ ಇಳಿಯಲು ಬರುತ್ತಿದ್ದ ಮಾರ್ಕೀಸ್ ವೇಗ ಕಳೆದುಕೊಂಡು ಸ್ಟಾಲ್ ಆಗಿ ನಾಲ್ವರು ಸತ್ತರು. 2013ರ ನವೆಂಬರ್‌ನಲ್ಲಿ ಒಕ್ಲಹೋಮಾದ ಒವಾಸೊ ಬಳಿ ಒಂದೇ ಎಂಜಿನ್ನಿನಲ್ಲಿ ಹಾರುತ್ತಿದ್ದ ಇನ್ನೊಂದು ಎಂಯು-2 ನಿಯಂತ್ರಣ ತಪ್ಪಿ ಬಿತ್ತು.

ಮ್ಯಾಗ್ಡಲೆನ್ ದ್ವೀಪಗಳು, 2016

ಪ್ರಕರಣದ ಕೊನೆಯ ಭಾಗ ನಡೆದದ್ದು ಕೆನಡಾದಲ್ಲಿ. ಅಲ್ಲಿನ ಕಾನೂನಿನ ವ್ಯಾಖ್ಯೆ ಅಮೆರಿಕದ್ದಕ್ಕಿಂತ ನನಗೆ ಹೆಚ್ಚು ವಿವೇಕದ್ದೆನಿಸುತ್ತದೆ. ಒಬ್ಬನೇ ಪೈಲಟ್ ಹಾರಿಸಬಹುದಾದ ವಿಮಾನದ ಮೀರಬಾರದ ಗರಿಷ್ಠ ವೇಗ 250 ನಾಟ್ ಅಥವಾ ಅದಕ್ಕೂ ಹೆಚ್ಚಿದ್ದರೆ, ಅಥವಾ ಇಳಿಯುವ ಸ್ಥಿತಿಯಲ್ಲಿ ಅದರ ಸ್ಟಾಲ್ ವೇಗ 80 ನಾಟ್ ಅಥವಾ ಅದಕ್ಕೂ ಹೆಚ್ಚಿದ್ದರೆ ಕೆನಡಾದಲ್ಲಿ ಅದು ಹೈ-ಪರ್ಫಾರ್ಮೆನ್ಸ್ ವಿಮಾನ, ಮತ್ತು ಅಂಥ ಪ್ರತಿಯೊಂದು ಮಾದರಿಗೂ ಪ್ರತ್ಯೇಕ ರೇಟಿಂಗ್ ಬೇಕು. ಎಂಜಿನ್ನಿನ ಬಲವನ್ನು ಅಳೆಯದೆ, ಪೈಲಟ್ ನಿಭಾಯಿಸಬೇಕಾದ ವೇಗದ ಎರಡು ತುದಿಗಳನ್ನು ಅಳೆಯುವ ವ್ಯಾಖ್ಯೆ ಇದು. ಸೆಸ್ನಾ 182 ಮತ್ತು ಎಂಯು-2 ಇಲ್ಲಿ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಯುರೋಪಿನ ನಿಯಮಗಳಲ್ಲಿಯೂ ಇಂಥ ವಿಮಾನಗಳಿಗೆ ಬರುವ ಮುನ್ನ 200 ಗಂಟೆಗಳ ಹಾರಾಟ ಮತ್ತು ಹೆಚ್ಚುವರಿ ಸಿದ್ಧಾಂತ ಪಾಠವನ್ನು ಕೇಳುತ್ತಾರೆ. ಭಾರತದಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಲೈಸೆನ್ಸ್‌ನಲ್ಲಿ ಸಾಮಾನ್ಯವಾಗಿ ವಿಮಾನದ ಮಾದರಿಯನ್ನೇ ನಮೂದಿಸುವ ಪದ್ಧತಿ ಇರುವುದರಿಂದ, ಜಕ್ಕೂರಿನಲ್ಲಿ ಸಣ್ಣ ವಿಮಾನ ಕಲಿತವರು ಹಾಗೇ ಹೋಗಿ ಕಿಂಗ್ ಏರ್ ಹಾರಿಸುವ ಪ್ರಶ್ನೆ ಬರುವುದಿಲ್ಲ.

2016ರ ಮಾರ್ಚ್ 29ರಂದು ಮಾಂಟ್ರಿಯಲ್ ಬಳಿಯ ಸೇಂಟ್-ಹ್ಯೂಬರ್ಟ್‌ನಿಂದ ಹೊರಟ ಒಂದು ಎಂಯು-2 ಮಾರ್ಕೀಸ್, ಸೇಂಟ್ ಲಾರೆನ್ಸ್ ಕೊಲ್ಲಿಯ ಮ್ಯಾಗ್ಡಲೆನ್ ದ್ವೀಪಗಳ ವಿಮಾನ ನಿಲ್ದಾಣಕ್ಕೆ ಬರುತ್ತಿತ್ತು. ಅಮೆರಿಕದಲ್ಲಿ ನೋಂದಾಯಿತವಾಗಿದ್ದ ಅದರಲ್ಲಿದ್ದವರು ಕೆನಡಾದ ಮಾಜಿ ಸಾರಿಗೆ ಸಚಿವ ಜೀನ್ ಲಪಿಯರ್, ತಂದೆಯ ಅಂತ್ಯಕ್ರಿಯೆಗೆ ಹೊರಟಿದ್ದ ಅವರ ಕುಟುಂಬದವರು, ಮತ್ತು ಮುಂದಿನ ಆಸನಗಳಲ್ಲಿದ್ದ ಇಬ್ಬರು. ಒಟ್ಟು ಏಳು ಜನ. ಹವಾಮಾನ ಕೆಟ್ಟಿತ್ತು. ವಿಮಾನ ಇಳಿಕೆಯ ಪಥಕ್ಕೆ ಬಂದಾಗ ಇರಬೇಕಾದದ್ದಕ್ಕಿಂತ ಎತ್ತರದಲ್ಲೂ ಇತ್ತು, ವೇಗದಲ್ಲೂ ಇತ್ತು. ಅದನ್ನು ತಗ್ಗಿಸಲು ಶಕ್ತಿಯನ್ನು ಪೂರ್ತಿ ಇಳಿಸಲಾಯಿತು. ಇಳಿಸಿದ ಶಕ್ತಿಯನ್ನು ಮತ್ತೆ ಏರಿಸಬೇಕಾದ ಹೊತ್ತಿಗೆ ಏರಿಸಲಿಲ್ಲ. ನೆಲಕ್ಕೆ ಹತ್ತಿರವಾದಾಗ ವೇಗ ಸುಮಾರು 100 ನಾಟ್‌ಗೆ ಕುಸಿದಿತ್ತು. ಪೈಲಟ್ ಒಮ್ಮೆಲೇ ಪೂರ್ತಿ ಶಕ್ತಿ ಕೊಟ್ಟರು. ಲಿವರ್ ತಳ್ಳಿದ ಕೂಡಲೇ ಸ್ಪಂದಿಸುವ ಎಂಜಿನ್ ಅದು. ರೆಕ್ಕೆಗೂ ಸ್ಪಾಯ್ಲರ್‌ಗಳಿಗೂ ತಡೆದುಕೊಳ್ಳುವಷ್ಟು ಗಾಳಿಯ ವೇಗವಿರಲಿಲ್ಲ. ವಿಮಾನ ಬಲಕ್ಕೆ ತೀವ್ರವಾಗಿ ವಾಲಿ ಕುಸಿಯಿತು. ಪೈಲಟ್ ರೆಕ್ಕೆಗಳನ್ನು ಮತ್ತೆ ಸಮಕ್ಕೆ ತಂದರು, ಆದರೆ ಎತ್ತರ ಉಳಿದಿರಲಿಲ್ಲ. ಯಾರೂ ಬದುಕುಳಿಯಲಿಲ್ಲ.

ಇಷ್ಟು ವಿವರ ತಿಳಿದದ್ದು ಕಾನೂನಿನಿಂದಲ್ಲ. ಆ ಗಾತ್ರದ ಖಾಸಗಿ ವಿಮಾನದಲ್ಲಿ ಹಾರಾಟದ ಮಾಹಿತಿ ದಾಖಲಿಸುವ ಉಪಕರಣ ಕಡ್ಡಾಯವಿರಲಿಲ್ಲ. ಸ್ವಂತ ಆಸಕ್ತಿಯಿಂದ ಅಳವಡಿಸಿದ್ದ ಒಂದು ಹಗುರ ಉಪಕರಣದಿಂದಲೇ ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿ ಕೊನೆಯ ನಿಮಿಷಗಳನ್ನು ಪುನರ್ರಚಿಸಲು ಸಾಧ್ಯವಾಯಿತು.

2018ರಲ್ಲಿ ಹೊರಬಂದ ಮಂಡಳಿಯ ವರದಿಯನ್ನು ಓದುವಾಗ ಗಮನಿಸಬೇಕಾದ ಸಂಗತಿಯೆಂದರೆ, ಪೈಲಟ್ ಎಂಯು-2ರ ವಿಶೇಷ ತರಬೇತಿಯನ್ನು ಪಡೆದಿದ್ದರು. ಕಾಗದದ ಮೇಲೆ ಅವರು ಅರ್ಹರೇ. ಆದರೆ ಆ ದಿನದ ಸನ್ನಿವೇಶದಲ್ಲಿ ಈ ವಿಮಾನವನ್ನು ನಿಭಾಯಿಸಲು ಬೇಕಾದಷ್ಟು ಅಭ್ಯಾಸ ಅವರ ಕೌಶಲಕ್ಕೆ ಇರಲಿಲ್ಲ, ಕೆಲಸದ ಹೊರೆ ಅವರನ್ನು ಮೀರಿತ್ತು ಎಂಬ ನಿಲುವಿಗೆ ತನಿಖೆ ಬಂದಿತು. ಇಲ್ಲಿ ಎಂಜಿನ್ ನಿಂತಿರಲಿಲ್ಲ, ಹಬ್ ಮುರಿದಿರಲಿಲ್ಲ. ಎಲ್ಲವೂ ಸರಿಯಿದ್ದ ವಿಮಾನವೊಂದು ಅತಿ ವೇಗದಿಂದ ಅತಿ ನಿಧಾನಕ್ಕೆ ಇಳಿಯುವ ನಡುವಿನ ಕೆಲವು ನಿಮಿಷಗಳಲ್ಲಿ ಪೈಲಟ್‌ನ ಹಿಡಿತವನ್ನು ದಾಟಿ ಹೋಯಿತು.

ಹಾಗಾಗಿ ಅಮೆರಿಕದ ನಿಯಮದ ಒಂದು ಮಿತಿಯನ್ನು ಇಲ್ಲಿ ದಾಖಲಿಸಬೇಕಾಗುತ್ತದೆ. ಅದು ವರ್ಷಕ್ಕೊಮ್ಮೆ ತರಬೇತಿಯನ್ನು ಕೇಳುತ್ತದೆ, ಇತ್ತೀಚಿನ ಇಳಿಕೆಗಳನ್ನು ಕೇಳುತ್ತದೆ. ಆ ಇಳಿಕೆಗಳು ತಿಳಿಯಾದ ಹಗಲಿನಲ್ಲಿ ನಡೆದವೋ, ಮೋಡದೊಳಗಿಂದ ಉಪಕರಣಗಳ ನೆರವಿನಿಂದ ನಡೆದವೋ ಎಂದು ಎಂಯು-2ರ ಮಟ್ಟಿಗೆ ಪ್ರತ್ಯೇಕವಾಗಿ ಕೇಳುವುದಿಲ್ಲ. ಎಲಿರಿಯಾ ಮತ್ತು ಮ್ಯಾಗ್ಡಲೆನ್ ದ್ವೀಪಗಳ ಎರಡೂ ಅಪಘಾತಗಳು ಉಪಕರಣಗಳ ನೆರವಿನಿಂದ ಇಳಿಯುವಾಗಲೇ, ವೇಗ ಕುಸಿದೇ ಆದವು. ಹೊಸದಾಗಿ ಇಂಥ ವಿಮಾನಕ್ಕೆ ಬರುವವರು ಮೊದಲ ಹಲವು ತಿಂಗಳು ಕೆಟ್ಟ ಹವಾಮಾನದಲ್ಲಿ ಅನುಭವಿ ಎಂಯು-2 ಪೈಲಟ್ ಒಬ್ಬರ ಜೊತೆಯಲ್ಲೇ ಹಾರಬೇಕೆಂಬ ಷರತ್ತನ್ನು ನಿಯಮದಲ್ಲಿ ಸೇರಿಸಿದರೆ, ಗಂಟೆಗಳ ಲೆಕ್ಕ ಮುಟ್ಟದ ಈ ಭಾಗವನ್ನು ಮುಟ್ಟಬಹುದು.